ಅಕ್ಕನ ಸರ್ಕ್ಯೂಟ್

ಅಕ್ಕಾ,

ನಮ್ಮ ಪ್ರಯೋಗಾಲಯಕ್ಕೆ ಹೊಸದೊಂದು ಕ್ವಾಂಟಮ್ ಕಂಪ್ಯೂಟರ್ ಬಂದಿದೆ. ಪರೀಕ್ಷೆಗೆಂದು ಹಳೆಯ ಸರ್ಕ್ಯೂಟ್ ಕೋಡ್ ಒಂದನ್ನು ಅದರಲ್ಲಿ ಹಾಕಿ ರನ್ ಮಾಡಿದೆ. ಅದು ನೀನು ಇಲ್ಲಿ ಸಂಶೋಧನೆ ಮಾಡುವಾಗ ಬರೆದದ್ದು. ಉತ್ತರ ಸರಿಯಾಗಿ ಬಂತು!

ನಂಬಲಾಗದೆ ಅದನ್ನೇ ನೀನು ಬಳಸುತ್ತಿದ್ದ ಹಳೆಯ ಯಂತ್ರದಲ್ಲೂ ರನ್ ಮಾಡಿದೆ. ಅಲ್ಲಿ ಅಂದು ನಿನಗೆ ಬಂದ ಅದೇ ತಪ್ಪು ಉತ್ತರ. ಎರಡು ಉತ್ತರಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಗುಟ್ಟು ಗೊತ್ತಾಯಿತು. ಹಳೆಯ ಯಂತ್ರ ಅಂಕಿಗಳ ಸಾಲನ್ನು ಹಿಂದುಮುಂದಾಗಿ ತೋರಿಸುತ್ತದೆ, ಅಷ್ಟೇ. ಅದರ ಉತ್ತರವನ್ನು ಬಲದಿಂದ ಎಡಕ್ಕೆ ಓದಿದರೆ ಎರಡೂ ಒಂದೇ. ನಿನ್ನ ಕೋಡ್ ಅಂದೂ ಸರಿಯಾಗಿಯೇ ಇತ್ತು.

ಓಡಿಹೋಗಿ ನಿನ್ನ ಮಾರ್ಗದರ್ಶಕರಾಗಿದ್ದ ಸರ್‌ಗೆ ತೋರಿಸಿದೆ. "ಈ ವಿದ್ಯೆ ನಿನಗೆ ಹತ್ತಲ್ಲಮ್ಮ" ಎಂದು ಆ ತಪ್ಪಿಗಾಗಿಯೇ ನಿನ್ನನ್ನು ಮನೆಗೆ ಕಳಿಸಿದವರು ಹಳೆಯ ಸಾಲಿನ ಮೇಲೆ ಬೆರಳಿಟ್ಟು ಬಲದಿಂದ ಎಡಕ್ಕೆ ಓದಿದರು. ಆಮೇಲೆ ಮೆಲ್ಲಗೆ, "ಈಗ ಏನ್ ಮಾಡ್ತಿದಾಳೆ?" ಅಂದರು.

"ಚಪ್ಪಲಿ ಅಂಗಡೀಲಿ ಬಿಲ್ ಹಾಕ್ತಾಳೆ ಸರ್."

"ವಾಪಸ್ ಬರ್ತಾಳಾ, ಕೇಳು."

"ನೀವೇ ಕೇಳಿ ಸರ್. ಆವತ್ತು ಹೇಳಿದ್ದೂ ನೀವೇ ಅಲ್ವಾ?"

ನಾನು ಹಾಗೆ ಅಂದುಬಿಟ್ಟೆನೆಂದು ನನಗೇ ನಂಬಿಕೆಯಾಗುತ್ತಿಲ್ಲ. ಅವರು ಭಾನುವಾರ ನಿನ್ನ ಮನೆಗೆ ಬರುತ್ತಾರೆ. ಬೇಡವೆನಿಸಿದರೆ ಬಾಗಿಲು ತೆಗೆಯಬೇಡ. ಅಪ್ಪನಿಗೆ ನಾನಿನ್ನೂ ಏನೂ ಹೇಳಿಲ್ಲ. ನಿನ್ನದು ತಪ್ಪಿರಲಿಲ್ಲ ಎಂಬುದನ್ನು ಅಪ್ಪ ನಿನ್ನ ಬಾಯಿಂದಲೇ ಕೇಳಲಿ.

ನಿನ್ನ,
ಪುಟ್ಟಿ