ಗೌನಿಪಲ್ಲಿಯ ಎಂಟು ಮಂದಮತಿಗಳ ಪರವಾಗಿ

ಗೌನಿಪಲ್ಲಿ, ಶ್ರೀನಿವಾಸಪುರ ತಾಲ್ಲೂಕು
೧೦ ಫೆಬ್ರವರಿ ೧೯೪೧

ಬಾಲಿಕಾ ಪಾಠಶಾಲೆಗಳ ಮೇಲ್ವಿಚಾರಣಾಧಿಕಾರಿಗಳಿಗೆ

ಮಾನ್ಯರೇ,

ತಾವು ಅಚ್ಚು ಹಾಕಿಸಿ ಹಂಚಿರುವ ‘ಗಡಿಭಾಗದ ಬಾಲಿಕೆಯರ ಬುದ್ಧಿಶಕ್ತಿ’ ಎಂಬ ಸಂಶೋಧನಾ ವರದಿಯ ಹನ್ನೊಂದನೆಯ ಪುಟದಲ್ಲಿ, ಕಳೆದ ಜೂನ್ ತಿಂಗಳಿನಲ್ಲಿ ನಮ್ಮೂರಿನ ಪರೀಕ್ಷೆಯು “ಬೆಳಗ್ಗೆ ಹತ್ತು ಗಂಟೆಗೆ, ಸಂಪೂರ್ಣ ನಿಶ್ಶಬ್ದದಲ್ಲಿ, ಪ್ರತಿ ಪ್ರಶ್ನೆಗೂ ನಿಖರವಾಗಿ ಮೂರು ನಿಮಿಷಗಳಂತೆ” ನಡೆಯಿತೆಂದು ಬರೆದಿದೆ. ಹಾಗೆ ನಡೆಯಲಿಲ್ಲ. ಪರೀಕ್ಷೆ ಆರಂಭವಾದದ್ದು ಮಧ್ಯಾಹ್ನ ಒಂದು ಗಂಟೆಗೆ. ಅದಕ್ಕೆ ಮೊದಲು ಸಂಶೋಧಕ ಮಹಾಶಯರ ಕಾರು ಊರ ಹೊರಗಿನ ಹಳ್ಳದ ಮರಳಿನಲ್ಲಿ ಹೂತುಹೋಗಿತ್ತು. ಅದನ್ನು ಎಳೆದು ತಂದದ್ದು ಮಾವಿನಕಾಯಿ ಗಾಡಿಯ ಎತ್ತುಗಳು. ನಿಶ್ಶಬ್ದದ ಮಾತಂತೂ ಬೇಡ. ಕಿಟಕಿಯಾಚೆ ಇಡೀ ಹೋಬಳಿಯ ಫಸಲು ಗಾಡಿಗಾಡಿಯಾಗಿ ಸಾಗುತ್ತಿತ್ತು. ಇನ್ನು ಆ ಮೂರು ನಿಮಿಷಗಳು. ಮಹಾಶಯರು ಗಡಿಯಾರವನ್ನು ಅಂಗೈಯಲ್ಲಿ ಹಿಡಿದು ತೂಕಡಿಸುತ್ತಿದ್ದರು. ಎಚ್ಚರವಾದಾಗಲೆಲ್ಲ “ಹೂಂ, ಮುಂದಿನದು” ಎನ್ನುತ್ತಿದ್ದರು. ಇಂಥ ವರದಿಯ ಆಧಾರದ ಮೇಲೆ, ಬರುವ ಜೂನ್ ಒಂದರಿಂದ ನಮ್ಮ ಬಾಲಿಕಾ ಪಾಠಶಾಲೆಯ ಮೇಲಿನ ತರಗತಿಯನ್ನು ಮುಚ್ಚಿ, ಅಲ್ಲಿನ ಒಂಬತ್ತು ಮಕ್ಕಳಿಗೆ ಬುಟ್ಟಿ ಹೆಣೆಯುವುದನ್ನು ಕಲಿಸಬೇಕೆಂದು ತಾವು ಆಜ್ಞೆ ಮಾಡಿದ್ದೀರಿ. ಆ ಆಜ್ಞೆಯ ವಿರುದ್ಧ ಈ ಪತ್ರ. ಮಾವಿನ ಸೀಮೆಯ ಹೆಣ್ಣುಮಕ್ಕಳಿಗೆ ಬುಟ್ಟಿ ಹೆಣೆಯುವುದನ್ನು ಕಲಿಸಲು ಹೊರಟಿರುವ ತಮ್ಮ ಧೈರ್ಯವನ್ನು ಮೊದಲಿಗೇ ಮೆಚ್ಚಿ ಮುಂದುವರಿಯುತ್ತೇನೆ.

ನಾನು ಯಾರೆಂದು ತಾವು ಕೇಳಬಹುದು. ಇದೇ ಶಾಲೆಯಲ್ಲಿ ಮೂವತ್ತೊಂದು ವರ್ಷ ಕಲಿಸಿ, ಮೂರು ವರ್ಷಗಳ ಹಿಂದೆ ನಿವೃತ್ತಳಾದವಳು. ಆದರೂ ದಿನವೂ ಹೋಗಿ ಮಕ್ಕಳ ಪ್ರಬಂಧಗಳನ್ನು ತಿದ್ದುತ್ತೇನೆ. ಯಾರೂ ಕರೆದಿಲ್ಲ, ಇದುವರೆಗೆ ಬೇಡವೆನ್ನುವ ಧೈರ್ಯವನ್ನೂ ಯಾರೂ ಮಾಡಿಲ್ಲ. ಪರೀಕ್ಷೆಯ ದಿನ ಈಗಿನ ಉಪಾಧ್ಯಾಯಿನಿಗೆ ಜ್ವರವಿದ್ದುದರಿಂದ, ಕಾಗದಗಳನ್ನು ಹಂಚಿದವಳೂ ಮರಳಿ ಕೂಡಿಸಿದವಳೂ ನಾನೇ. ಆದುದರಿಂದ ನಾನು ಹೇಳುವುದು ಕೇಳಿದ ಮಾತಲ್ಲ, ಕಂಡದ್ದು.

ವರದಿಯ ಕೊನೆಗೆ ಲಗತ್ತಿಸಿರುವ ಕನ್ನಡ ಸಾರಾಂಶವು ನಮ್ಮ ಮಕ್ಕಳಲ್ಲಿ “ಬೌದ್ಧಿಕ ಮಾಂದ್ಯತೆ” ಇದೆಯೆನ್ನುತ್ತದೆ. ‘ಮಾಂದ್ಯ’ ಎಂದರೆ ಸಾಕು. ಬಾಲವೊಂದಿರುವ ಪ್ರಾಣಿಗೆ ಎರಡನೆಯ ಬಾಲ ಅಂಟಿಸುವ ಅಗತ್ಯವಿಲ್ಲ. ಇರಲಿ, ತಿದ್ದಿಕೊಳ್ಳಿರಿ. ಮನೆಯಲ್ಲಿ ತೆಲುಗು ಅಥವಾ ಉರ್ದು, ಶಾಲೆಯಲ್ಲಿ ಕನ್ನಡ, ಹೀಗೆ ಭಾಷೆಗಳು ಕಲಸಿಹೋಗಿ ಮಕ್ಕಳ ಮಿದುಳು ಬಳಲಿದೆಯಂತೆ. ಈ ಬಳಲಿದ ಮಿದುಳುಗಳು ಸಂತೆಯಲ್ಲಿ ಮೂರು ಭಾಷೆಗಳಲ್ಲಿ ಚೌಕಾಶಿ ಮಾಡಿ, ಮೂರರಲ್ಲಿಯೂ ಸುಳ್ಳು ಹೇಳುವವನನ್ನು ಹಿಡಿಯುತ್ತವೆ. ಒಂದೇ ಭಾಷೆಯಲ್ಲಿ ವಿಶ್ರಾಂತಿ ಪಡೆದ ಮಿದುಳೊಂದು ಬರೆದ ವರದಿಯನ್ನು ನಾವು ಈಗ ಓದುತ್ತಿದ್ದೇವೆ.

ಈಗ ಮುಖ್ಯ ವಿಷಯ. ಗಣಿತದ ಪ್ರಶ್ನೆಗಳು ಪರದೇಶದಲ್ಲಿ ಸಿದ್ಧವಾದವು. ಮೂಲದಲ್ಲಿ ಸೇಬಿನ ಹಣ್ಣುಗಳಿದ್ದುವಂತೆ. “ಸ್ಥಳೀಯ ಪರಿಸ್ಥಿತಿಗೆ ಹೊಂದಿಸುವ ಸಲುವಾಗಿ” ಮಹಾಶಯರು ಸೇಬನ್ನು ತೆಗೆದು ಮಾವನ್ನಿಟ್ಟರು. ಅವರ ಪ್ರಶ್ನೆ ಹೀಗಿತ್ತು: ‘ವ್ಯಾಪಾರಿಯೊಬ್ಬನು ತೋಟದಲ್ಲಿ ಐನೂರು ಮಾವಿನಕಾಯಿ ಕೊಂಡು, ತಂದುದನ್ನೆಲ್ಲ ಹತ್ತು ಬುಟ್ಟಿಗಳಿಗೆ ಸಮನಾಗಿ ತುಂಬಿದನು. ಒಂದು ಬುಟ್ಟಿಯಲ್ಲಿ ಎಷ್ಟು ಕಾಯಿ?’ ಉಳಿದ ಎರಡು ಲೆಕ್ಕಗಳೂ ಇದೇ ಜಾತಿಯವು. ಒಂಬತ್ತು ಮಕ್ಕಳಲ್ಲಿ ಎಂಟು ಮಂದಿ ಅರವತ್ತೆಂದು ಬರೆದರು. ಐವತ್ತೆಂದು ಬರೆದವಳು ಭಾರತಮ್ಮ ಒಬ್ಬಳೇ. ಪೋಸ್ಟ್ ಮಾಸ್ತರರ ಮಗಳು, ಮೈಸೂರಿನಿಂದ ಬಂದು ಆಗಿನ್ನೂ ಒಂದು ತಿಂಗಳಾಗಿತ್ತು. ವರದಿಯ ಪ್ರಕಾರ ಆಕೆ ಪ್ರತಿಭಾವಂತೆ. ಉಳಿದ ಎಂಟು ಮಂದಿ ಮಂದಮತಿಗಳು, ಅಷ್ಟು ಸಾಲದೆಂದು, ಎಲ್ಲರ ಉತ್ತರವೂ ಒಂದೇ ಆಗಿರುವುದರಿಂದ, “ನಕಲು ಮಾಡುವ ಪ್ರವೃತ್ತಿಯುಳ್ಳವರು.”

ಮಾನ್ಯರೇ, ದಡ್ಡತನವನ್ನು ನಾನು ಮೂವತ್ತೊಂದು ವರ್ಷ ಹತ್ತಿರದಿಂದ ಬಲ್ಲೆ. ಎಂಟು ದಡ್ಡರು ಎಂಟು ಬಗೆಯಾಗಿ ತಪ್ಪುತ್ತಾರೆ. ಕೋಣೆಯ ನಾಲ್ಕು ಮೂಲೆಗಳಲ್ಲಿ ದೂರದೂರ ಕುಳಿತವರೆಲ್ಲ ಒಂದೇ ಕಡೆಗೆ ತಪ್ಪಿದರೆ, ಅಲ್ಲಿ ಏನೋ ಇದೆಯೆಂದು ತಿಳಿಯುವುದಕ್ಕೆ ಡಾಕ್ಟರ್ ಪದವಿ ಬೇಕೇ? ಅಥವಾ ಹಾಗೆ ತಿಳಿಯದಿರುವುದಕ್ಕೆ ಬೇಕೇ?

ಇಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ನಕಲೆಂದು ಮೊದಲು ಭಾವಿಸಿದವಳು ನಾನೇ. ಮರುದಿನ ಬೆಳಗ್ಗೆ ಎಂಟು ಮಂದಿಯನ್ನೂ ಗೋಡೆಗೆ ಮುಖ ಮಾಡಿ ನಿಲ್ಲಿಸಿ, “ಯಾರದನ್ನು ನೋಡಿ ಬರೆದಿರಿ?” ಎಂದು ಗದರಿದೆ. ಮಾವಿನ ಮಂಡಿಯ ಅಬ್ದುಲ್ ಖಾದರರ ಮಗಳು ಬಷೀರಾ ಗೋಡೆಯ ಕಡೆಯಿಂದಲೇ ಮಾತಾಡಿದಳು.

“ಬಯ್ಯೋದಾದ್ರೆ ಬಯ್ಯಿರಿ ಅಮ್ಮೋರೇ. ತೋಟದಲ್ಲಿ ಐನೂರು ಕೊಂಡ್ರೆ ಬುಟ್ಟಿಗೆ ಬೀಳೋದು ಆರುನೂರು ಅಲ್ವಾ? ಕೊಸರು ಬಿಟ್ಟು ಬರೋ ವ್ಯಾಪಾರಿ ಯಾವನಿದ್ದಾನೆ?”

“ಐವತ್ತು ಅಂತ ಬರೆದಿದ್ರೆ ನಮ್ಮ ನಾಯ್ನ ಅಟ್ಟಿಸ್ಕೊಂಡು ಬರ್ತಿದ್ದ,” ಎಂದು ಪಕ್ಕದಲ್ಲಿದ್ದ ಅಂಜಮ್ಮ ತನ್ನ ತಂದೆಯ ದನಿಯನ್ನೇ ತೆಗೆದಳು. “‘ಏನೇ, ನೂರು ಕಾಯಿ ಎಲ್ಲಿ ಬಿಸಾಕಿ ಬಂದೆ?’ ಅಂತ.”

ಎಂಟು ಬೆನ್ನುಗಳೂ ನಗುವಿನಿಂದ ಕುಲುಕತೊಡಗಿದವು.

ತಮ್ಮ ಕಚೇರಿಗೆ ಮಾವು ತಟ್ಟೆಯಲ್ಲಿ ಬರುವುದರಿಂದ ವಿವರಿಸುತ್ತೇನೆ. ಇಲ್ಲಿ ಕಾಯಿ ಎಣಿಸುವವನು ಒಂದು ಸಲಕ್ಕೆ ಐದು ಕಾಯಿ ಎತ್ತುತ್ತಾನೆ; ಅದು ಒಂದು ಕೈ. ಇಪ್ಪತ್ತು ಕೈ ಆದರೆ ನೂರು. ಆ ಮೇಲೆ, ದಾರಿಯಲ್ಲಿ ಕೊಳೆಯುವ ಕಾಯಿಗೆ ಪರಿಹಾರವಾಗಿ, ನೂರಕ್ಕೆ ನಾಲ್ಕು ಕೈ ಕೊಸರು ಹಾಕುತ್ತಾನೆ. ಕೊಸರಿಲ್ಲದೆ ಈ ಹೋಬಳಿಯಲ್ಲಿ ಯಾರೂ ಕಾಯಿ ಮಾರುವುದಿಲ್ಲ, ಯಾರೂ ಕೊಳ್ಳುವುದಿಲ್ಲ. ಫಸಲಿನ ಕಾಲದಲ್ಲಿ ಬುಟ್ಟಿಗೆ ಹುಲ್ಲು ಹಾಸುತ್ತ ಕೂರುವ ಹೆಣ್ಣುಮಕ್ಕಳಿಗೆ ಈ ಲೆಕ್ಕ ಮಗ್ಗಿಗಿಂತ ಮೊದಲು ಬರುತ್ತದೆ. ‘ತೋಟದಲ್ಲಿ ಕೊಂಡು ತಂದ’ ವ್ಯಾಪಾರಿಯ ವಿಷಯ ಕೇಳಿದಿರಿ. ವ್ಯಾಪಾರ ಬಲ್ಲವರು ಉತ್ತರ ಕೊಟ್ಟರು. ಐನೂರಕ್ಕೆ ನೂರು ಸೇರಿಸಿ, ಹತ್ತರಿಂದ ಭಾಗಿಸಿ. ಭಾರತಮ್ಮ ಮಾಡಿದ್ದಕ್ಕಿಂತ ಒಂದು ಹೆಜ್ಜೆ ಹೆಚ್ಚಿನ ಲೆಕ್ಕವಿದು. ಒಂದು ಫಸಲು ಕಂಡ ಮೇಲೆ ಭಾರತಮ್ಮನೂ ಈಗ ಅರವತ್ತೆನ್ನುತ್ತಾಳೆ. ತಮ್ಮ ಕೋಷ್ಟಕದ ಪ್ರಕಾರ ಎಂಟೇ ತಿಂಗಳಲ್ಲಿ ಆ ಮಗುವಿನ ಬುದ್ಧಿ ಹೀಗೆ ಕುಸಿದಿದ್ದು ವೈದ್ಯಶಾಸ್ತ್ರಕ್ಕೇ ಸವಾಲಾಗಬೇಕು.

ಇದು ಮಹಾಶಯರಿಗೆ ತಿಳಿಯದ ಸಂಗತಿ ಎನ್ನುವಿರಾ? ಪರೀಕ್ಷೆ ಮುಗಿದ ಸಾಯಂಕಾಲ ಅವರು ಅಬ್ದುಲ್ ಖಾದರರ ಮಂಡಿಯಲ್ಲಿ ನೂರು ಕಾಯಿ ಕೊಂಡರು. ದಾರಿ ತೋರಿಸಲು ಹೋದವಳು ನಾನು. ಇಪ್ಪತ್ತು ಕೈ ಎಣಿಸಿ ಮುಗಿಸಿದ ಖಾದರರು, “ನೂರಾಯ್ತು ಸಾಬ್. ಇನ್ನು ನಾಲ್ಕು ಕೈ ಕೊಸರು,” ಎಂದರು. ಸಂಶೋಧಕರು ಕಾರಿನ ಬಾಗಿಲು ಹಿಡಿದುಕೊಂಡು, “ಕೊಸರಿಗೆ ಸ್ವಲ್ಪ ದಪ್ಪ ಕಾಯಿ ನೋಡಿ ಹಾಕಯ್ಯ,” ಎಂದರು. ನೂರಿಪ್ಪತ್ತು ಕಾಯಿ ಬೆಂಗಳೂರಿಗೆ ಹೋದವು. ಬುಟ್ಟಿಯಲ್ಲಿ ಸರಿಯಾಗಿದ್ದ ಲೆಕ್ಕ ಬಷೀರಾಳ ಕಾಗದದಲ್ಲಿ ಬುದ್ಧಿಮಾಂದ್ಯ ಹೇಗಾಯಿತು?

ಇದನ್ನೆಲ್ಲ ವಿವರಿಸಿ ತಮಗೆ ಎರಡು ಪತ್ರ ಬರೆದೆ. ತಲುಪಿವೆಯೆಂಬ ಉತ್ತರ ಎರಡಕ್ಕೂ ಬಂದಿದೆ. ತಲುಪಿದ್ದು ಕಚೇರಿಗೆ ಮಾತ್ರವೆಂದು ತೋರುತ್ತದೆ. ಆದುದರಿಂದ ಈ ಮೂರನೆಯದನ್ನು ಪತ್ರಿಕೆಗೆ ಕಳುಹಿಸುತ್ತಿದ್ದೇನೆ.

ತರಗತಿ ಮುಚ್ಚಿದರೆ ಆಗುವುದೇನೆಂದೂ ತಿಳಿದಿರಲಿ. ಮುಂದಿನ ತರಗತಿಯಿರುವುದು ಶ್ರೀನಿವಾಸಪುರದಲ್ಲಿ. ಅಷ್ಟು ದೂರಕ್ಕೆ ಇಲ್ಲಿಂದ ಒಬ್ಬ ಹುಡುಗಿಯೂ ಹೋಗುವುದಿಲ್ಲ. ಬಷೀರಾಳಿಗೆ ಉಪಾಧ್ಯಾಯಿನಿಯಾಗುವ ಹಟ. ಮಧ್ಯಾಹ್ನದ ಬಿಡುವಿನಲ್ಲಿ ಒಂದನೆಯ ತರಗತಿಯ ಮಕ್ಕಳನ್ನು ಕೂರಿಸಿಕೊಂಡು ಓದಿಸುತ್ತಾಳೆ. ನನಗಿಂತ ಕಡಿಮೆ ಗದರುತ್ತಾಳೆ, ಮಕ್ಕಳು ನನ್ನಲ್ಲಿ ಕಲಿತುದಕ್ಕಿಂತ ಬೇಗ ಕಲಿಯುತ್ತಾರೆ. ಕಳೆದ ವಾರ ಅವಳ ತಂದೆಯ ಮುಂದೆ ತಮ್ಮ ಆಜ್ಞೆಯನ್ನು ಓದಿದೆ. ಅವರು ತಲೆಯ ಮೇಲಿನ ಟೋಪಿ ತೆಗೆದು ಮತ್ತೆ ಇಟ್ಟುಕೊಂಡರು.

“ಇಸ್ಕೂಲು ಇಲ್ಲಿದ್ರೆ ಕಳಿಸ್ತೀನಿ ಅಮ್ಮೋರೇ, ಕೊನೇವರ್ಗೂ ಕಳಿಸ್ತೀನಿ. ಶ್ರೀನಿವಾಸಪುರ ನನ್ನಿಂದಾಗಲ್ಲ. ಅವಳ ಅಮ್ಮಾನೂ ಒಪ್ಪಲ್ಲ. ನಿಖಾ ಮಾತು ಆಗ್ಲೇ ಎತ್ತವ್ಳೆ.”

ಬಷೀರಾ ಒಳಬಾಗಿಲಲ್ಲಿ ನಿಂತಿದ್ದಳು. “ಅಮ್ಮೋರೇ, ಐವತ್ತು ಅಂತ ತಿದ್ದಿ ಕೊಟ್ರೆ ಓದೋಕೆ ಬಿಡ್ತಾರಾ?” ಎಂದು ಕೇಳಿದಳು.

ಸರಿಯಾದ ಉತ್ತರವನ್ನು ತಪ್ಪಾಗಿ ತಿದ್ದಲು ಅನುಮತಿ ಬೇಡುವ ವಿದ್ಯಾರ್ಥಿನಿಯನ್ನು ಮೂವತ್ತೊಂದು ವರ್ಷಗಳಲ್ಲಿ ನಾನು ಕಂಡಿರಲಿಲ್ಲ. ತಮ್ಮ ಸಂಶೋಧನೆ ಇಷ್ಟನ್ನಂತೂ ಸಾಧಿಸಿದೆ.

ಆದುದರಿಂದ ನನ್ನ ಬೇಡಿಕೆ. ಆಜ್ಞೆಯನ್ನು ಈ ತಿಂಗಳೊಳಗೆ ಹಿಂತೆಗೆದುಕೊಳ್ಳಿರಿ. ವರದಿಯ ಹನ್ನೊಂದನೆಯ ಪುಟವನ್ನು ರದ್ದುಪಡಿಸಿರಿ. ಹಾಗೆ ಮಾಡಲು ತಮಗೆ ಮನಸ್ಸಿಲ್ಲದಿದ್ದರೆ ಇಷ್ಟಾದರೂ ಮಾಡಿರಿ. ವರದಿಯಲ್ಲಿ ಈ ಮಕ್ಕಳು ಒಂದರಿಂದ ಒಂಬತ್ತರವರೆಗಿನ ಅಂಕಿಗಳು. ಅಂಕಿಗಳ ಶಾಲೆ ಮುಚ್ಚುವುದು ಯಾರಿಗೂ ಕಷ್ಟವಲ್ಲ. ತಾವು ಒಬ್ಬೊಬ್ಬಳಿಗೂ ಬೇರೆಬೇರೆ ಆಜ್ಞೆ ಬರೆಯಿರಿ, ಹೆಸರು ಹಿಡಿದು, ಸ್ವಂತ ಕೈಯಲ್ಲಿ, ನಾಳೆಯಿಂದ ಓದಬೇಡವೆಂದು. ತಮ್ಮ ಅನುಕೂಲಕ್ಕಾಗಿ ಅಂದು ಪರೀಕ್ಷೆಗೆ ಕುಳಿತವರ ಹೆಸರುಗಳನ್ನು ಕೆಳಗೆ ಕೊಟ್ಟಿದ್ದೇನೆ. ಕಾಗುಣಿತ ತಪ್ಪದಿರಲಿ.

ಇಂತಿ,
ಎಂಟು ಸರಿಯುತ್ತರಗಳನ್ನು ಗೋಡೆಗೆ ಮುಖ ಮಾಡಿಸಿ ನಿಲ್ಲಿಸಿದ್ದ
ವೆಂಕಟರತ್ನಮ್ಮ
ನಿವೃತ್ತ ಮುಖ್ಯೋಪಾಧ್ಯಾಯಿನಿ

ಹಾಜರಿದ್ದವರು:
ಅಂಜಮ್ಮ
ಕದಿರಮ್ಮ
ಚಿಕ್ಕಗಂಗಮ್ಮ
ನಾರಾಯಣಮ್ಮ
ಪೆದ್ದಕ್ಕ
ಫರೀದಾ
ಭಾರತಮ್ಮ
ಶಾಮಲಮ್ಮ
ಬಷೀರಾ