ಎಡಗಣ್ಣಿನ ಕೆಂಪು

ಗುರುವಾರ, ಬೆಳಿಗ್ಗೆ

ಪ್ರೀತಿಯ ಅಕ್ಕಾ,

ಇವತ್ತು ಬೆಳಿಗ್ಗೆ ಬಾಲ್ಕನಿಯಲ್ಲಿ ಒಣಹಾಕಿದ್ದ ಅಮ್ಮನ ಟವೆಲ್ ಬಲಗಣ್ಣಿಗೆ ಕೆಂಪಗಿತ್ತು, ಎಡಗಣ್ಣಿಗೆ ಹಳೇ ಇಟ್ಟಿಗೆಯ ಬಣ್ಣ. ಒಂದೊಂದೇ ಕಣ್ಣು ಮುಚ್ಚಿ ನೋಡುತ್ತ ನಿಂತಿದ್ದೆ. ಎದುರುಮನೆಯವರು ತಮಗೇ ಕಣ್ಣು ಹೊಡೆಯುತ್ತಿದ್ದಾಳೆ ಅಂದುಕೊಂಡರೋ ಏನೋ, ಕಿಟಕಿ ಹಾಕಿಕೊಂಡರು.

ಫೋನಿನಲ್ಲಿ ನನಗೆ ಮಾತು ಹೊರಡುವುದಿಲ್ಲ, ಅದಕ್ಕೇ ಕಾಗದ. ಬರೆಯಲು ಕೂತು ಮೂರು ಸಲ ಎದ್ದೆ. ಹತ್ತು ದಿನದಿಂದ ಎಡಗಣ್ಣು ಹೀಗಿದೆ. ಮೊದಲು ಕಣ್ಣು ಹೊರಳಿಸಿದರೆ ನೋವು, ಆಮೇಲೆ ಮಬ್ಬು. ಅಚ್ಚುಮನೆಯಲ್ಲಿ ಕರಡು ತಿದ್ದುವಾಗ ಒಂದಿಡೀ ಸಾಲು ಬಿಟ್ಟುಬಿಟ್ಟೆ.

ಕಣ್ಣಿನ ನರ ಊದಿಕೊಂಡಿದೆ ಅಂದರು ಡಾಕ್ಟರು. ಇತ್ತೀಚೆಗೆ ಲಸಿಕೆ ಏನಾದರೂ ಹಾಕಿಸಿಕೊಂಡಿರಾ ಅಂತ ಕೇಳಿದರು. ನಿಮ್ಮ ಆರೋಗ್ಯ ಕೇಂದ್ರದಲ್ಲಿ ನೀನೇ ಕೈಯಾರೆ ಹಾಕಿದ ಫ್ಲೂ ಲಸಿಕೆ ನೆನಪಾಗಿ ಹೇಳಿದೆ. ನೋವು ಶುರುವಾದದ್ದು ಅದಾದ ಹನ್ನೊಂದನೇ ದಿನ. ಲಸಿಕೆಯಿಂದಲೇ ಅಂತ ಹೇಳಲಾಗದು, ಅಲ್ಲ ಅಂತಲೂ ಹೇಳಲಾಗದು, ಇಂಥದ್ದು ತೀರಾ ಅಪರೂಪ, ಅದಕ್ಕೇ ಪ್ರತಿಯೊಂದನ್ನೂ ವರದಿ ಮಾಡಬೇಕು ಅಂತ ಒಂದು ಫಾರಂ ಕೊಟ್ಟರು. ಲಸಿಕೆ ಹಾಕಿದ ದಿನ, ಹಾಕಿದವರು, ತೊಂದರೆ ಶುರುವಾದ ದಿನ. ಬಹಳ ಮಂದಿಗೆ ದೃಷ್ಟಿ ಮರಳುತ್ತದಂತೆ. ನನಗೆ ಮರಳದಿದ್ದರೆ ಅಂತ ಕೇಳಲು ನಾಲಿಗೆ ಏಳಲಿಲ್ಲ.

ನಿನಗೆ ಹೇಳಲೇಕೂಡದು ಅಂದಳು ಅಮ್ಮ. ಗೊತ್ತಾದರೆ ಅವಳು ಮತ್ತೆ ಸೂಜಿ ಹಿಡಿದಾಳಾ, ಲಸಿಕೆಗೆ ಮೊದಲೇ ಕಣ್ಣು ಹಾಗಿತ್ತು ಅಂತ ಬರೆದುಬಿಡು, ನಿನ್ನ ಗಂಟೇನು ಹೋಗುತ್ತೆ ಅಂದಳು. ನನ್ನ ಕಣ್ಣಿಗಿಂತ ನಿನ್ನ ಕೈಯದೇ ಚಿಂತೆ ಅವಳಿಗೆ. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ.

ನಿನ್ನ ಕೈ ತಪ್ಪು ಮಾಡಿಲ್ಲ. ಡಾಕ್ಟರನ್ನು ಅದೊಂದನ್ನೇ ಗಟ್ಟಿಯಾಗಿ ಕೇಳಿದೆ. ಚುಚ್ಚುವ ರೀತಿಗೂ ಇದಕ್ಕೂ ಸಂಬಂಧವೇ ಇಲ್ಲ ಅಂದರು. ನಾಳೆಯೂ ಕೆಲಸಕ್ಕೆ ಹೋಗು, ಸಾಲಿನಲ್ಲಿ ನಿಂತವರಿಗೆ ಲಸಿಕೆ ಹಾಕು. ಆದರೆ ಯಾರಾದರೂ ಕಣ್ಣು ಮಬ್ಬಾಗಿದೆ ಅಂತ ವಾಪಸ್ ಬಂದರೆ, ನಿದ್ದೆಗೆಟ್ಟು ಓದಿರಬೇಕು ಅಂತ ನಕ್ಕು ಕಳಿಸಬೇಡ. ಹೋದ ವಾರ ನಾನು ಫೋನಿನಲ್ಲಿ ಹೇಳಿದಾಗ ನೀನು ಹಾಗೇ ಅಂದಿದ್ದೆ.

ನಿನ್ನ,
ಮೂಕಬಸವಿ

ಮತ್ತೊಂದು ಮಾತು: ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಆ ಫಾರಂ ಮಂಗಳವಾರವೇ ಕೊಟ್ಟಾಯಿತು, ಅಮ್ಮ ಹೇಳಿದ ಸುಳ್ಳು ದಿನಾಂಕ ಹಾಕಿ. ಲಸಿಕೆಗೆ ಮುಂಚೆಯೇ ಶುರುವಾಗಿದ್ದರೆ ಇದು ವರದಿಗೆ ಬರುವುದಿಲ್ಲ ಅಂತ ಆಸ್ಪತ್ರೆಯ ಕೌಂಟರಿನವರು ಪಕ್ಕಕ್ಕೆ ಹಾಕಿದರು. ಕೌಂಟರು ಒಂಬತ್ತಕ್ಕೆ ತೆರೆಯುತ್ತದೆ. ಅಮ್ಮನಿಗೆ ತರಕಾರಿ ತರುತ್ತೇನೆ ಅಂದಿದ್ದೇನೆ. ಚಪ್ಪಲಿ ಮೆಟ್ಟಿಕೊಂಡೇ ಇದನ್ನು ಬರೆಯುತ್ತಿದ್ದೇನೆ. ಹೊಸ ಫಾರಂ ಕೇಳಿ ಪಡೆದು ನಿಜವಾದ ದಿನಾಂಕ ಬರೆಯುತ್ತೇನೆ, ಹಾಕಿದವರು ಅನ್ನುವಲ್ಲಿ ನಿನ್ನ ಹೆಸರು.