ಇಳಿಜಾರಿಗೆಂದು ಬರೆದ ಸಾಲು

ಮಾರ್ಚ್ 2, ಸೋಮವಾರ

ಬೆಳಿಗ್ಗೆ ಬೇರೆಯವರು ಕಳಿಸಿದ ಎರಡು ಪ್ಯಾಚ್, ಅಂದರೆ ಕೋಡಿನ ತಿದ್ದುಪಡಿ, ನೋಡಿದೆ. ಒಂದು ಸರಿ, ಒಂದು ವಾಪಸ್. ಮೇಲ್ ಅರವತ್ನಾಲ್ಕು. ಕಾಫಿ ಮತ್ತೆ ಆರಿತು.

ಹನ್ನೊಂದಕ್ಕೆ ಅಣ್ಣನ ಗಾಲಿಕುರ್ಚಿಯ ಸರ್ವೀಸ್‌ನವನು ಬಂದ. ವರ್ಷಕ್ಕೊಮ್ಮೆ ಬರುತ್ತಾನೆ. ಬ್ಯಾಟರಿ ನೋಡಿದ, ಚಕ್ರಕ್ಕೆ ಗ್ರೀಸ್ ಹಚ್ಚಿದ, ಲ್ಯಾಪ್‌ಟಾಪ್ ಜೋಡಿಸಿ ಹೊಸ ಸಾಫ್ಟ್‌ವೇರ್ ಹಾಕಿದ. ಕಂಪ್ಯೂಟರ್ ಕುರ್ಚಿಯೊಳಗೂ ಇದೆಯಲ್ಲ. ಅಣ್ಣ ಅವನಿಗೆ ನನ್ನ ಕೆಲಸದ ಬಗ್ಗೆ ಪಾಠ ಶುರು ಮಾಡಿದ್ದ.

"ನೋಡಪ್ಪಾ, ಇಂಥ ಮೋಟಾರ್ ಬೋರ್ಡ್ ಮಾಡೋರು ಮೂರು ಕಂಪನಿ. ಮೋಟಾರನ್ನ ನಡೆಸೋಕೆ ಡ್ರೈವರ್ ಅನ್ನೋ ಒಂದು ಪ್ರೋಗ್ರಾಂ ಬೇಕು. ಮೂರೂ ಜನ ಬೇರೆ ಬೇರೆ ಬರ್ಕೊಂಡಿದ್ರು. ನೋಡಿದ್ರೆ ಮುಕ್ಕಾಲು ಪಾಲು ಒಂದೇ! ಈಗ ನನ್ನ ತಂಗಿ ಮೂರು ಸೊಸೆಯಂದಿರನ್ನೂ ಒಂದೇ ಅಡುಗೆಮನೆಗೆ ಸೇರಿಸಿದ್ದಾಳೆ. ಕರ್ನಲ್ ಅಂತ ಕಂಪ್ಯೂಟರಿನ ತಿರುಳು ಪ್ರೋಗ್ರಾಂ ಇದೆಯಲ್ಲ, ಆ ಅತ್ತೆ ಮನೇಲಿ."

"ಜಗಳ ಆಗಲ್ವಾ ಸಾರ್?"

"ದಿನಾ ಆಗತ್ತೆ. ಬಿಡಿಸೋಕೇ ಇವಳಿಗೆ ಸಂಬಳ."

ನಗು ಬಂತು. ಸುಳ್ಳೇನಲ್ಲ. ಒಂದನೆಯವರು, ಎರಡನೆಯವರು, ಮೂರನೆಯವರು... ಕಂಪನಿಗಳ ಹೆಸರು ಇಲ್ಲಿಯೂ ಬರೆಯುವುದಿಲ್ಲ, ಅಭ್ಯಾಸಬಲ. ಒಂಬತ್ತು ಸಾವಿರ ಸಾಲು ಕೋಡ್ ಇದ್ದದ್ದು ಈಗ ಮೂರೂವರೆ ಸಾವಿರ. ಎರಡು ವರ್ಷದ ಬೆವರು. ಸಂಜೆ ಅಣ್ಣನ ಮುಂದೆ ಸ್ವಲ್ಪ ಕೊಚ್ಚಿಕೊಂಡೆ. ಯಾಕಿದೆ ಅಂತ ಯಾರಿಗೂ ಗೊತ್ತಿಲ್ಲದ ಸಾಲುಗಳೇ ನೂರಾರು ಇದ್ದವು, ಎಲ್ಲ ಕಿತ್ತು ಬಿಸಾಕಿದೆ ಅಂದೆ. ಅವನು ಯಾವುದೋ ಕಾದಂಬರಿಯ ಕರಡು ತಿದ್ದುತ್ತಿದ್ದ. ಕೆಂಪು ಪೆನ್ನು ನಿಲ್ಲಲಿಲ್ಲ.

"ನಮ್ಮಲ್ಲಿ ಹಾಗೆ ಮಾಡಲ್ಲಮ್ಮ. ಅರ್ಥ ಆಗದ ಸಾಲಿನ ಪಕ್ಕ ಪ್ರಶ್ನೆ ಚಿಹ್ನೆ ಹಾಕ್ತೀವಿ. ಹೊಡೆದು ಹಾಕೋದು ಬರೆದವನ ಕೆಲಸ."

"ಬರೆದವನು ರಿಟೈರ್ ಆಗಿ ಮನೇಲಿದ್ರೆ?"

"ಫೋನ್ ಮಾಡ್ತೀವಿ."

ಮೂವತ್ತು ವರ್ಷ ಕರಡು ತಿದ್ದಿದವನ ಜಂಬ. ಇರಲಿ.

ಮಾರ್ಚ್ 6, ಶುಕ್ರವಾರ

ಅಣ್ಣ ಬಿದ್ದ.

ದಿನಾ ಬೆಳಿಗ್ಗೆ ಏಳಕ್ಕೆ ಒಬ್ಬನೇ ಮೂಲೆ ಅಂಗಡಿಗೆ ಹೋಗಿ ಪೇಪರ್ ತರುತ್ತಾನೆ. ದಿನದಲ್ಲಿ ಅವನು ಒಬ್ಬನೇ ಮಾಡುವ ಕೆಲಸ ಅದೊಂದೇ. ಜೊತೆಗೆ ಬರುತ್ತೇನೆ ಅಂದರೆ ಮುಖ ಗಂಟಿಕ್ಕುತ್ತಾನೆ. ವಾಪಸ್ ಬರುವಾಗ ಗೇಟಿನ ಇಳಿಜಾರು ಹತ್ತಬೇಕು. ಮಧ್ಯದಲ್ಲಿ ಕೆಳಮನೆಯಾಕೆಗೆ ದಾರಿ ಬಿಡಲು ನಿಲ್ಲಿಸಿದ್ದಾನೆ. ಮತ್ತೆ ಹೊರಟಾಗ ಕುರ್ಚಿ ಮುಂದೆ ಹೋಗುವ ಬದಲು ಹಿಂದಕ್ಕೆ ಜಾರಿ, ಅಂಚಿಗೆ ಹೋಗಿ ಮಗುಚಿದೆ. ಎಡ ಮಣಿಕಟ್ಟಿನ ಮೂಳೆ ಬಿರುಕು. ಹಣೆಗೆ ನಾಲ್ಕು ಹೊಲಿಗೆ.

ಆಸ್ಪತ್ರೆಯಲ್ಲಿ ಅವನು ನೋಡುತ್ತಿದ್ದದ್ದು ಪಟ್ಟಿ ಕಟ್ಟಿದ ಕೈಯನ್ನಲ್ಲ. ಬಲಗೈಯನ್ನು.

"ಇದು ಜಾರ್ತು ಕಣೇ. ಕುರ್ಚಿ ನಡೆಸೋ ಕಡ್ಡಿ ಮುಂದಕ್ಕೆ ಒತ್ತಿದೆ ಅಂದ್ಕೊಂಡೆ. ಒತ್ತಿರ್ಲಿಲ್ಲ ಅಂತ ಕಾಣತ್ತೆ."

ಕಾಯಿಲೆ ಕಾಲನ್ನು ಕಸಿದು ಒಂಬತ್ತು ವರ್ಷ. ಎಡಗೈಯ ಮುಕ್ಕಾಲು. ಬಲಗೈಯೊಂದನ್ನು ಇನ್ನೂ ಮುಟ್ಟಿರಲಿಲ್ಲ. ಕುರ್ಚಿಯ ಕಡ್ಡಿಗೂ ಅದೇ, ಕೆಂಪು ಪೆನ್ನಿಗೂ ಅದೇ.

ಮಾರ್ಚ್ 9, ಸೋಮವಾರ

ಫಿಸಿಯೋ ಬಂದಿದ್ದಳು. ಬೆರಳು ಮಡಚು, ಬಿಡು, ಒತ್ತು. "ದೊಡ್ಡ ವ್ಯತ್ಯಾಸ ಏನೂ ಕಾಣ್ತಿಲ್ಲ, ಆದ್ರೆ..." ಅಂದಳು. ಆ 'ಆದ್ರೆ' ಸಾಕಾಯಿತು ಅವನಿಗೆ. ಇನ್ನೊಬ್ಬರು ತಳ್ಳುವ ಕುರ್ಚಿ ಸುರಕ್ಷಿತವಂತೆ. 24ಕ್ಕೆ ತಂದು ಕೊಟ್ಟು ಇದನ್ನು ಒಯ್ಯುತ್ತಾರಂತೆ. ಅಣ್ಣ ಸಹಿ ಹಾಕಿದ.

ಆಮೇಲೆ ಪ್ರಕಾಶಕರಿಗೆ ಫೋನ್ ಮಾಡಿ ಕರಡು ವಾಪಸ್ ಕಳಿಸುತ್ತೇನೆ ಅಂದ. ಅರ್ಧ ತಿದ್ದಿದ್ದು. "ಕೈ ನಂಬೋ ಹಾಗಿಲ್ಲ ಸ್ವಾಮಿ."

ಪೇಪರ್ ಈಗ ನಾನು ತರುತ್ತೇನೆ. ಮಡಿಕೆ ಬಿಚ್ಚದೆ ಅಲ್ಲೇ ಬಿದ್ದಿರುತ್ತದೆ. ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು ಅತ್ತೆ.

ಮಾರ್ಚ್ 12, ಗುರುವಾರ

ಎಲ್ಲಿಯವರೋ ಒಬ್ಬರು ಗಾಲಿಕುರ್ಚಿ ರಿಪೇರಿಯವರ ಮೇಲ್. ಅವರ ಬಳಿ ಬಂದ ಮೂರು ಕುರ್ಚಿ ಏರಿನಲ್ಲಿ ನಿಂತು ಹೊರಡುವಾಗ ಹಿಂದಕ್ಕೆ ಜಾರಿವೆಯಂತೆ. ಮೂರರಲ್ಲೂ ಮೂರನೆಯವರ ಬೋರ್ಡ್. ಹೊಸ ಸಾಫ್ಟ್‌ವೇರ್ ಹಾಕಿದ ಮೇಲೇ ಹೀಗೆ.

ಮೇಲನ್ನು ಮತ್ತೊಮ್ಮೆ ಓದಿದೆ. ಇಲ್ಲ. ಕಾಕತಾಳೀಯ.

ಮೂರನೆಯವರ ಇಂಜಿನಿಯರ್ ಉತ್ತರಿಸಿದ: ನಮ್ಮ ಟೇಬಲ್ ಮೇಲೆ ಹಾಗೇನೂ ಆಗುತ್ತಿಲ್ಲ. ನನ್ನ ಟೇಬಲ್ ಮೇಲೂ ಪರೀಕ್ಷೆಯ ಪುಟ್ಟ ಮೋಟಾರ್ ಗಾಡಿಯನ್ನು ನಾನೂರು ಸಲ ಓಡಿಸಿದೆ. ಆಗಲಿಲ್ಲ.

ಮಾರ್ಚ್ 14, ಶನಿವಾರ

ಬೆಳಿಗ್ಗೆ 10. ಟೇಬಲ್ ಸಮತಟ್ಟು! ಎಲ್ಲರ ಟೇಬಲ್ಲೂ ಸಮತಟ್ಟು. ಎರಡು ವರ್ಷ ಮೂರು ಕಂಪನಿಯ ಜಾಣರೂ ನಾನೂ ಸೇರಿ ಸಮತಟ್ಟಾದ ಟೇಬಲ್ ಮೇಲೆ ಗಾಡಿ ಓಡಿಸಿ 'ಪಾಸ್' ಬರೆದುಕೊಂಡಿದ್ದೇವೆ.

10.40. ಅಣ್ಣನ ನಿಘಂಟಿನ ಎರಡು ಸಂಪುಟ ತಂದು ಹಲಗೆಯ ಒಂದು ತುದಿಗೆ ಇಟ್ಟೆ. ಮೊದಲ ಸಲಕ್ಕೇ ಹಿಂದಕ್ಕೆ ಜಾರಿತು.

ಮಧ್ಯಾಹ್ನ 12. ಮೂರನೆಯವರ ಮೂಲ ಡ್ರೈವರ್ ಬರೆದವರಿಗೆ ಫೋನ್ ಮಾಡಿದೆ. ನಮ್ಮ ಕಸುಬಿನಲ್ಲಿ ಎಲ್ಲರೂ ತಾತ ಅನ್ನುತ್ತಾರೆ. ರಿಟೈರ್ ಆಗಿ ಆರು ವರ್ಷ. ಹಿಂದೆ ಗಿಡಗಳಿಗೆ ನೀರು ಬಿಡುವ ಸದ್ದು ಕೇಳುತ್ತಿತ್ತು.

"ತಾತ, ನಿಮ್ಮ ಕೋಡಲ್ಲಿ ಬ್ರೇಕ್ ಬಿಡೋಕೆ ಮುಂಚೆ ಮುನ್ನೂರು ಮಿಲಿಸೆಕೆಂಡ್ ಕಾಯೋ ಸಾಲು ಇತ್ತಲ್ಲ..."

"ಇತ್ತಲ್ಲ ಅಂದ್ರೆ? ಈಗ ಇಲ್ವಾ?"

ನಲ್ಲಿ ನಿಲ್ಲಿಸಿದರು.

"ಅದು ಏರಿಗೆ ಅಂತ ಹಾಕಿದ್ದಮ್ಮ. ನಮ್ಮ ಮೋಟಾರ್ ನಿಧಾನವಾಗಿ ಹಿಡಿತಕ್ಕೆ ಬರತ್ತೆ. ಅಷ್ಟರಲ್ಲಿ ಬ್ರೇಕ್ ಬಿಟ್ರೆ ಚಕ್ರ ಹಿಂದೆ ತಿರುಗತ್ತೆ. ತಿರುಗಿದ್ರೆ ಬೋರ್ಡಿನ ಚಿಪ್ ಗಾಬರಿಯಾಗಿ ಮೋಟಾರನ್ನೇ ಆಫ್ ಮಾಡಿಬಿಡತ್ತೆ. ಯಾಕೆ ಅಂತ ಪಕ್ಕದಲ್ಲಿ ಬರೆದಿಡಬೇಕಿತ್ತು ನಾನು. ಯಾರು ತೆಗೀತಾರೆ ಅಂತ ಬಿಟ್ಟೆ."

ಯಾರು ತೆಗೆಯುತ್ತಾರೆ. ನಾನು. ಹೋದ ಆಗಸ್ಟ್‌ನಲ್ಲಿ. ಒಂದನೆಯವರಿಗೆ ಬೇಡ, ಎರಡನೆಯವರಿಗೆ ಬೇಡ, ಮೂರನೆಯವರಲ್ಲಿ ಯಾಕಿದೆಯೋ ಯಾರಿಗೂ ತಿಳಿಯದು... ಇಬ್ಬರು ಬೇಡ ಅಂದಮೇಲೆ ಬೇಡ. ಡ್ರೈವರಿಗೂ ಬಹುಮತ ನೋಡಿದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ದೊಣ್ಣೆ ನಾನೇ.

3.20. ಅಣ್ಣ ಮಲಗಿದ್ದ. ಖಾಲಿ ಕುರ್ಚಿಯನ್ನು ಹಾಲ್‌ಗೆ ತಂದು, ನೆಲಕ್ಕೆ ಕೆನ್ನೆ ತಾಗಿಸಿ, ಟಾರ್ಚ್ ಬಿಟ್ಟು ನೋಡಿದೆ. ಒಂಬತ್ತು ವರ್ಷ ಈ ಕುರ್ಚಿಯ ಪಕ್ಕ ಕೂತು ಉಂಡಿದ್ದೇನೆ. ಅಡಿಯಲ್ಲಿ ಯಾರ ಬೋರ್ಡ್ ಇದೆ ಅಂತ ಒಮ್ಮೆಯೂ ಬಗ್ಗಿ ನೋಡಿರಲಿಲ್ಲ.

ಮೂರನೆಯವರದು.

ಮಾರ್ಚ್ 15, ಭಾನುವಾರ

ಆ ಸಾಲನ್ನು ವಾಪಸ್ ಹಾಕಿದೆ. ಮೂರನೆಯವರ ಬೋರ್ಡಿಗೆ ಮಾತ್ರ. ಯಾಕೆ ಅಂತ ಐದು ಸಾಲು ವಿವರಣೆ ಜೊತೆಗೆ. ಕುರ್ಚಿ ತಯಾರಕರಿಗೆಲ್ಲ ಬರೆದೆ: ಹೊಸದು ಹಾಕುವ ತನಕ ಏರು ಹತ್ತಿಸಬೇಡಿ. ಆ ಟಿಪ್ಪಣಿಯ ಮೇಲೆ "ಒಂದು ಸಣ್ಣ ತಪ್ಪನ್ನು ಸರಿಪಡಿಸಲಾಗಿದೆ" ಅಂತ ಶೀರ್ಷಿಕೆ. ಸಂಜೆಯೊಳಗೆ ಹನ್ನೊಂದು ಜನ ಥ್ಯಾಂಕ್ಸ್ ಹೇಳಿದರು. ಎಷ್ಟು ಬೇಗ ಹಿಡಿದಿರಿ ಮೇಡಂ!

ಜಗತ್ತಿಗೆಲ್ಲ ಹೇಳಿದೆ. ಪಕ್ಕದ ರೂಮಿಗೆ ಹೇಳಲಿಲ್ಲ.

ಮಾರ್ಚ್ 19, ಗುರುವಾರ

ಊಟಕ್ಕೆ ಕೂತಾಗ ಹೇಳಬೇಕು ಅಂದುಕೊಂಡೆ. ಅವನ ಕೈಯಿಂದ ಚಮಚ ಜಾರಿತು. ಯಾರ ಕೈಯಿಂದಲೂ ಜಾರುತ್ತದೆ. ಅವನು ಕೈಯನ್ನು ದಿಟ್ಟಿಸಿ, "ಹಾಳಾದ್ದು," ಅಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ತಲೆ ತಗ್ಗಿಸಿದೆ.

ಹೇಳಿದರೆ ಅವನ ಕೈ ಅವನಿಗೆ ವಾಪಸ್ ಸಿಗುತ್ತದೆ. ನಾನು ಕಳೆದುಹೋಗುತ್ತೇನೆ. ಇಷ್ಟೇ ಲೆಕ್ಕ. ಇಷ್ಟಕ್ಕೆ ಬಾಯಿ ಬರುತ್ತಿಲ್ಲ. ಛೀ.

ಮಾರ್ಚ್ 23, ಸೋಮವಾರ. ಸಂಜೆ 6.

ಹೇಳಿದೆ.

ನಾಳೆ ಈ ಕುರ್ಚಿ ಒಯ್ಯುತ್ತಾರಲ್ಲ, ಅದಕ್ಕೆ ಅಣ್ಣ ಅದರ ಪಕ್ಕದ ಚೀಲ ಖಾಲಿ ಮಾಡುತ್ತಿದ್ದ. ಹಳೆ ಪೇಪರ್ ತುಂಡು, ಕನ್ನಡಕದ ಡಬ್ಬಿ, ನಾಲ್ಕು ಕೆಂಪು ಪೆನ್ನು. ಪೆನ್ನುಗಳನ್ನು ನನ್ನ ಕಡೆ ಚಾಚಿದ. "ತಗೋ. ನಿನಗೆ ಬೇಕಾಗಬಹುದು."

ತಡೆಯಲಾಗಲಿಲ್ಲ. ನಿಂತಲ್ಲೇ ಎಲ್ಲ ಹೇಳಿದೆ. ಆಗಸ್ಟ್, ಸಾಲು, ತಾತ, ಟಾರ್ಚ್. ಅಣ್ಣ ಬಲಗೈ ಎತ್ತಿ ಬೆರಳು ಒಂದೊಂದೇ ಮಡಚಿದ, ಬಿಚ್ಚಿದ.

"ಕೈ ಅಲ್ವಾ?"

"ಅಲ್ಲ ಅಣ್ಣ. ನೀನು ಸರಿಯಾಗೇ ಒತ್ತಿದ್ದೆ."

ಅವನ ಕಣ್ಣು ತುಂಬಿತು. ಓಡಿಹೋಗಿ ತಬ್ಬಿಕೊಳ್ಳೋಣ ಅನ್ನಿಸಿತು. ಅಷ್ಟರಲ್ಲಿ ಕೇಳಿದ:

"ಯಾವತ್ತು ಗೊತ್ತಾಯ್ತು ನಿಂಗೆ?"

"ಹದಿನಾಲ್ಕಕ್ಕೆ."

ಬೆರಳಲ್ಲಿ ಎಣಿಸಿದ.

"ಸಾಲು ಹೊಡೆದು ಹಾಕಿದ್ದು ಬಿಡು. ಕಣ್ತಪ್ಪು. ನಂಗೂ ಆಗಿದೆ. ಒಂಬತ್ತು ದಿನ ಕಣೇ. ಒಂಬತ್ತು ದಿನ ನಾನು ಈ ಕೈಯನ್ನ ಬೈದಿದ್ದೀನಿ. ನೀನು ಎದುರಿಗೇ ಕೂತು ಕೇಳಿಸ್ಕೊಂಡೆ."

ಕುರ್ಚಿ ತಿರುಗಿಸಿಕೊಂಡು ರೂಮಿಗೆ ಹೋದ. ಪೆನ್ನುಗಳನ್ನೂ ತೆಗೆದುಕೊಂಡು ಹೋದ.

ಮಾರ್ಚ್ 24, ಮಂಗಳವಾರ

ತಳ್ಳುವ ಕುರ್ಚಿ ಬಂತು. ಅಣ್ಣ ಬಾಗಿಲಲ್ಲೇ ವಾಪಸ್ ಕಳಿಸಿದ. ಸರ್ವೀಸ್‌ನವನಿಗೆ ಮಾತ್ರ ಒಳಗೆ ಪ್ರವೇಶ. ಸರಿಪಡಿಸಿದ್ದನ್ನು ಹಾಕಿಸಿದೆ. ಗೇಟಿನ ಏರಿನಲ್ಲಿ ನಾನೇ ಕೂತು ಇಪ್ಪತ್ತು ಸಲ ನಿಲ್ಲಿಸಿ ಹೊರಟು ನೋಡಿದೆ. ಜಾರಲಿಲ್ಲ. ಕೆಳಮನೆಯಾಕೆ, "ಏನ್ರೀ ಇದು, ನೀವ್ಯಾಕೆ ಕೂತಿದ್ದೀರಿ?" ಅಂದಳು. ಪರೀಕ್ಷೆ ಅಂದೆ.

ಅಣ್ಣ ನನ್ನೊಂದಿಗೆ ಮಾತಾಡುತ್ತಿಲ್ಲ. "ಉಪ್ಪು ಕೊಡು" ಕೂಡ ಇಲ್ಲ, ತಾನೇ ಎಟುಕಿಸಿಕೊಳ್ಳುತ್ತಾನೆ. ನಾನು ಕಳಿಸಿದ್ದ ಟಿಪ್ಪಣಿಯನ್ನು ಪ್ರಿಂಟ್ ತೆಗೆದು ಅವನ ಮೇಜಿನ ಮೇಲೆ ಇಟ್ಟು ಬಂದೆ. ಏನೂ ಬರೆಯಲಿಲ್ಲ, ಹಾಗೇ ಇಟ್ಟೆ.

ಮಾರ್ಚ್ 26, ಗುರುವಾರ. ಬೆಳಿಗ್ಗೆ 6.50

ಪ್ರಿಂಟ್ ನನ್ನ ಲ್ಯಾಪ್‌ಟಾಪ್ ಮೇಲೆ ಇತ್ತು. ಒಂದು ಅಕ್ಷರವನ್ನೂ ಹೊಡೆದು ಹಾಕಿಲ್ಲ. "ಒಂದು ಸಣ್ಣ ತಪ್ಪನ್ನು" ಅನ್ನುವಲ್ಲಿ 'ಸಣ್ಣ' ಪದದ ಪಕ್ಕ ಕೆಂಪು ಪ್ರಶ್ನೆ ಚಿಹ್ನೆ. ಅಷ್ಟೇ. ಗೆರೆ ಎಲ್ಲೂ ನಡುಗಿಲ್ಲ.

ಲ್ಯಾಪ್‌ಟಾಪ್ ತೆರೆದೆ.

7.05. ಎಲ್ಲರಿಗೂ ಹೊಸದಾಗಿ ಬರೆಯುತ್ತಿದ್ದೇನೆ. "ಆ ಸಾಲನ್ನು ತೆಗೆದವಳು ನಾನು. ಬರೆದವರನ್ನು ಕೇಳದೆ ತೆಗೆದೆ. ಇದರಿಂದ ಒಬ್ಬರು ಬಿದ್ದಿದ್ದಾರೆ, ಅವರು ನನ್ನ" ಇಲ್ಲಿಯ ತನಕ ಬಂದಿದೆ.

7.20. ಮುಂದಿನ ಬಾಗಿಲು ತೆರೆದ ಸದ್ದು. ಹೇಳದೆ ಹೋದ. ಕಿಟಕಿಯ ಹತ್ತಿರ ಹೋಗಬಾರದು ಅಂತ ಇಲ್ಲೇ ಕೂತಿದ್ದೇನೆ.

7.40. ಗೇಟಿನಲ್ಲಿ ಮೋಟಾರ್ ಸದ್ದು. ವಾಪಸ್ ಬಂದ. ಏರು ಹತ್ತುತ್ತಿದ್ದಾನೆ. ಮಧ್ಯದಲ್ಲಿ ನಿಲ್ಲಿಸಿದ. ಯಾರಿಗೂ ದಾರಿ ಬಿಡಲು ಅಲ್ಲ, ಬೇರೆ ಯಾರ ಹೆಜ್ಜೆಯ ಸದ್ದೂ ಇಲ್ಲ. ಬೇಕೆಂದೇ ನಿಲ್ಲಿಸಿದ್ದಾನೆ. ಸದ್ದಿಲ್ಲ. ಇನ್ನೂ ಸದ್ದಿಲ್ಲ. ಈಗ ಬ್ರೇಕ್ ಬಿಡ್ತು, ಹೊರಟ. ಮೋಟಾರ್ ಸದ್ದು ಮೇಲಕ್ಕೇ ಬರುತ್ತಿದೆ.